ಟೊಮೆಟೊಗೆ ಬೆಂಕಿ ಹಚ್ಚಿದರೆ

ಬೆಲೆ ಬಿದ್ದ ವರ್ಷ ಕೋಲಾರದ ಸುತ್ತಮುತ್ತ ರಸ್ತೆ ಬದಿಯಲ್ಲಿ ಟೊಮೆಟೊ ರಾಶಿ ಕಾಣುವುದು ಹೊಸದೇನಲ್ಲ. ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲೊಂದು ಇರುವ ಊರು ಇದು. ಬಾಕ್ಸಿನ ಬೆಲೆ ಕೀಳುವ ಕೂಲಿಗೂ ಸಾಲದಾದಾಗ ರೈತ ಹಣ್ಣನ್ನು ಸುರಿದು ಖಾಲಿ ಬಾಕ್ಸ್ ಹೊತ್ತು ಮನೆಗೆ ನಡೆಯುತ್ತಾನೆ. ಶ್ರೀನಿವಾಸಪುರದಲ್ಲಿ ಸುಗ್ಗಿಯ ಕೊನೆಗೆ ಕೊಳೆತ ಮಾವಿನದೂ ಇದೇ ಕಥೆ. ಹೀಗಿರುವಾಗ ‘ಕಸದಿಂದ ವಿದ್ಯುತ್’ ಎಂಬ ಮಾತು ಯಾರ ಕಿವಿಗೂ ಹಿತವೇ. ಕಸವೂ ಹೋಯಿತು, ಕರೆಂಟೂ ಬಂತು! ಆದರೆ ಹಾಗೆ ಹಿಗ್ಗುವ ಮುನ್ನ ಒಂದು ಸಣ್ಣ ಲೆಕ್ಕ ಹಾಕಿ ನೋಡಬೇಕು.

ಒಂದು ಬಾಕ್ಸಿನಲ್ಲಿ 15 ಕಿಲೊ ಟೊಮೆಟೊ. ಅದರಲ್ಲಿ 14 ಕಿಲೊ ಬರೀ ನೀರು. ಒಂದು ಕಿಲೊ ನೀರು ಕುದಿಯುವ ಮಟ್ಟಕ್ಕೆ ಬರಲು ಸುಮಾರು 75 ಕಿಲೊಕ್ಯಾಲರಿ ಶಾಖ ಬೇಕು. ಕುದಿಯುವ ನೀರು ಆವಿಯಾಗಲು ಮತ್ತೆ 540 ಬೇಕು. ಈ ಎರಡನೆಯದೇ ಹೈಸ್ಕೂಲಿನ ಪಾಠದಲ್ಲಿ ಬರುವ ಗುಪ್ತೋಷ್ಣ. 14 ಕಿಲೊ ನೀರಿಗೆ ಒಟ್ಟು 8,600 ಕಿಲೊಕ್ಯಾಲರಿ ಖರ್ಚು. ಉಳಿದ ಒಂದು ಕಿಲೊ ಒಣ ಪದಾರ್ಥ ಪೂರ್ತಿ ಉರಿದರೂ ಕೊಡುವುದು 4,000ದ ಆಸುಪಾಸು. ಬಂದದ್ದಕ್ಕಿಂತ ಹೋದದ್ದೇ ಇಮ್ಮಡಿ. ಟೊಮೆಟೊ ಉರಿಸಿ ವಿದ್ಯುತ್ ತೆಗೆಯುವುದಿರಲಿ, ಟೊಮೆಟೊ ಉರಿಸುವುದಕ್ಕೇ ಬೇರೆ ಸೌದೆ ತರಬೇಕು.

ಈ ಲೆಕ್ಕ ತಪ್ಪಿದ್ದು ದೆಹಲಿಯ ತಿಮಾರ್‌ಪುರದಲ್ಲಿ. ಡೆನ್ಮಾರ್ಕಿನ ತಂತ್ರಜ್ಞಾನದಿಂದ 1987ರಲ್ಲಿ ಅಲ್ಲೊಂದು ಸ್ಥಾವರ ಎದ್ದಿತು. ದಿನಕ್ಕೆ 300 ಟನ್ ಕಸ ಸುಟ್ಟು 3.75 ಮೆಗಾವಾಟ್ ವಿದ್ಯುತ್ ಪಡೆಯುವುದು ಉದ್ದೇಶ. ಕಿಲೊಗೆ 1,400 ಕಿಲೊಕ್ಯಾಲರಿಗೂ ಹೆಚ್ಚು ಶಾಖ ಕೊಡುವ ಕಸ ಆ ಒಲೆಗೆ ಬೇಕಿತ್ತು. ದೆಹಲಿಯ ಕಸ ಕೊಟ್ಟದ್ದು ಅದರ ಅರ್ಧ. ಸ್ಥಾವರ ಹೆಚ್ಚು ದಿನ ಓಡದೆ ನಿಂತುಹೋಯಿತು. ಡೆನ್ಮಾರ್ಕಿನ ಕಸದಲ್ಲಿ ಕಾಗದ, ರಟ್ಟು, ಪ್ಲಾಸ್ಟಿಕ್ ಹೆಚ್ಚು. ಅಲ್ಲಿ ಅದರ ಬೆಂಕಿ ಚಳಿಗಾಲಕ್ಕೆ ಮನೆಗಳನ್ನೂ ಬೆಚ್ಚಗಿಡುತ್ತದೆ. ಭಾರತದ ಮನೆಗಳ ಕಸದಲ್ಲಿ ತರಕಾರಿ ಸಿಪ್ಪೆ, ಅನ್ನ, ಹಣ್ಣು, ಹೂವೇ ಅರ್ಧ ಪಾಲು. ಒಲೆ ಬಂದರೂ ಅದಕ್ಕೆ ತಕ್ಕ ಸೌದೆ ಬರಲಿಲ್ಲ.

ಹಾಗೆಂದು ಸುಡುವ ಸ್ಥಾವರವೇ ಬೇಡವೆಂದಲ್ಲ. ಬೆಂಗಳೂರಿನ ಒಣ ಕಸಕ್ಕಾಗಿ ಬಿಡದಿಯಲ್ಲಿ 11.5 ಮೆಗಾವಾಟ್ ಸ್ಥಾವರಕ್ಕೆ 2020ರ ಡಿಸೆಂಬರಿನಲ್ಲಿ ಶಂಕುಸ್ಥಾಪನೆಯಾಯಿತು. ಅದರ ಹಸಿವು ದಿನಕ್ಕೆ 600 ಟನ್. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ನಾಲ್ಕೂ ಪಟ್ಟಣಗಳ ಜನಸಂಖ್ಯೆ 2011ರ ಗಣತಿಯಂತೆ ಎರಡೂವರೆ ಲಕ್ಷಕ್ಕೆ ತುಸು ಹೆಚ್ಚು. ತಲೆಗೆ 400 ಗ್ರಾಂ ಎಂದು ಹಿಡಿದರೂ ದಿನದ ಕಸ 100 ಟನ್ ಸುಮಾರು. ಅದರಲ್ಲಿ ಉರಿಯುವಂಥದ್ದು ಅರ್ಧವೂ ಇಲ್ಲ. ಅಷ್ಟು ದೊಡ್ಡ ಒಲೆಗೆ ಇಷ್ಟು ಪುಳ್ಳೆ ಯಾವ ಮೂಲೆಗೆ?

ಮಾಲೂರಿನ ಇಟ್ಟಿಗೆ ಗೂಡುಗಳಿವೆಯಲ್ಲ, ಪ್ಲಾಸ್ಟಿಕ್ಕನ್ನು ಅಲ್ಲಿಗೇ ಹಾಕಬಾರದೇಕೆ ಎಂದು ಕೇಳುವವರುಂಟು. ಹಾಕಬಾರದು. ಕೆಲವು ಪ್ಲಾಸ್ಟಿಕ್ಕುಗಳಲ್ಲಿರುವ ಕ್ಲೋರಿನ್ ಅರೆಬೆಂದರೆ ಡಯಾಕ್ಸಿನ್ ಎಂಬ ಘೋರ ವಿಷವಾಗುತ್ತದೆ. ಹೊಗೆ 850 ಡಿಗ್ರಿಯಲ್ಲಿ ಕನಿಷ್ಠ ಎರಡು ಸೆಕೆಂಡಾದರೂ ಬೇಯಬೇಕು, ಆಮೇಲೆ ಅದನ್ನು ಸೋಸಬೇಕು ಎಂಬುದು ಯೂರೋಪಿನ ನಿಯಮ. ಊರ ಗೂಡಿಗೆ ಆ ಏರ್ಪಾಡಿಲ್ಲ. ಇದಕ್ಕಿಂತ ಎಷ್ಟೋ ಹೆಚ್ಚು ಕಾವಿನ ಸಿಮೆಂಟ್ ಕಾರ್ಖಾನೆಗಳ ಗೂಡುಗಳೇ ಅದಕ್ಕೆ ತಕ್ಕ ಜಾಗ.

ಹಾಗಾದರೆ ಎಲ್ಲವನ್ನೂ ಊರಾಚೆ ಸುರಿದರಾಯಿತೇ? ಮಂಡೂರಿನ ನೆನಪಿದ್ದವರು ಹಾಗೆನ್ನಲಾರರು. ಬೆಂಗಳೂರಿನಿಂದ ಕೋಲಾರದ ಕಡೆಗಿರುವ ಆ ಊರಿನಲ್ಲಿ ಕಸದಿಂದ ವಿದ್ಯುತ್ತಿನ ಮಾತೂ ಇತ್ತು. ವಿದ್ಯುತ್ ಬರಲಿಲ್ಲ, ಕಸದ ಬೆಟ್ಟ ಬೆಳೆಯಿತು. ಊರವರು ಲಾರಿ ತಡೆದು ಹೋರಾಡಿದ ಮೇಲೆ 2014ರ ಕೊನೆಗೆ ಅಲ್ಲಿ ಸುರಿಯುವುದು ನಿಂತಿತು. ಕೋಲಾರವಂತೂ ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ. ಕೆರೆ, ಕೊಳವೆಬಾವಿಗಳೇ ಇಲ್ಲಿ ಗತಿ. ಕಸದ ಬೆಟ್ಟದಿಂದ ಬಸಿಯುವ ಕಪ್ಪು ರಸ ಒಮ್ಮೆ ಅಂತರ್ಜಲಕ್ಕೆ ಇಳಿದರೆ ಅದನ್ನು ಮೇಲೆತ್ತಿ ತೊಳೆಯುವವರಿಲ್ಲ.

ಬೆಂಕಿಗೆ ಶತ್ರುವಾದ ಆ ನೀರೇ ಇನ್ನೊಂದು ಕೆಲಸಕ್ಕೆ ಮಿತ್ರ. ಗಾಳಿಯಾಡದ ತೊಟ್ಟಿಯಲ್ಲಿ ಸಗಣಿಯೊಡನೆ ಕೊಳೆತ ಹಣ್ಣನ್ನು ಕಲಸಿಟ್ಟರೆ ಸೂಕ್ಷ್ಮಜೀವಿಗಳು ಮೀಥೇನ್ ಅನಿಲ ಕೊಡುತ್ತವೆ. ಅವುಗಳಿಗೆ ನೀರು ಬೇಕೇ ಬೇಕು. ಬರೀ ಟೊಮೆಟೊ ಸುರಿದರೆ ತೊಟ್ಟಿ ಹುಳಿಯೇರಿ ಅನಿಲ ನಿಲ್ಲುತ್ತದೆ. ಸಗಣಿ ಆ ಹುಳಿಯನ್ನು ತಡೆಯುತ್ತದೆ. ಕಸದ ಬೆಟ್ಟದೊಳಗೂ ಹುಟ್ಟುವುದು ಇದೇ ಮೀಥೇನ್. ಆದರೆ ಅಲ್ಲಿ ಅದು ಆಕಾಶಕ್ಕೆ ಹೋಗಿ, ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 27 ಪಟ್ಟು ಭೂಮಿಯನ್ನು ಕಾಯಿಸುತ್ತದೆ. ತೊಟ್ಟಿಯೊಳಗೆ ಹಿಡಿದಿಟ್ಟರೆ ಅನ್ನ ಬೇಯಿಸುತ್ತದೆ.

ಈ ವಿದ್ಯೆಯನ್ನು ಕಲಿಯಲು ಕೋಲಾರದವರು ದೂರ ಹೋಗಬೇಕಿಲ್ಲ. ಇಲ್ಲಿಯೇ ನೆಲೆಯಿರುವ ಎಸ್‌ಕೆಜಿ ಸಂಘ ಹಳ್ಳಿ ಮನೆಗಳಿಗೆ ಗೋಬರ್ ಗ್ಯಾಸ್ ತೊಟ್ಟಿ ಕಟ್ಟಿಸಿ, ಹೊರಬರುವ ಬಗ್ಗಡವನ್ನು ಎರೆಗೊಬ್ಬರ ಮಾಡುವ ದಾರಿ ತೋರಿತು. ಅದಕ್ಕಾಗಿ 2007ರಲ್ಲಿ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಪಡೆಯಿತು. ಹಟ್ಟಿಯ ಹಿಂದೆ ನಡೆದದ್ದು ಮಾರುಕಟ್ಟೆಯ ಅಂಗಳದಲ್ಲೂ, ಮುಳಬಾಗಿಲಿನ ದೋಸೆ ಹೋಟೆಲಿನ ಹಿತ್ತಿಲಲ್ಲೂ ನಡೆದೀತು. ತೊಟ್ಟಿ ದೊಡ್ಡದಾಗಬೇಕು, ನೋಡಿಕೊಳ್ಳುವ ಕೈ ಖಾಯಂ ಇರಬೇಕು.

ಇಷ್ಟಕ್ಕೂ ಮೊದಲ ಕೆಲಸ ಅಡುಗೆಮನೆಯದು. ಬೆರೆತ ಕಸ ಉರಿಯಲೂ ಒಲ್ಲದು, ಅನಿಲವಾಗಲೂ ಒಲ್ಲದು. 2016ರ ನಿಯಮಗಳು ಬೇರ್ಪಡಿಸಿ ಕೊಡಿ ಎಂದು ಹೇಳಿದ್ದು ಇದಕ್ಕೇ. ಎರಡು ಬಕೆಟ್ ಇಡುವ ಮನೆ ಅರ್ಧ ಸ್ಥಾವರ ಕಟ್ಟಿದಂತೆ. ಉಳಿದರ್ಧವನ್ನು ಪುರಸಭೆ ಕಟ್ಟಬೇಕು: ಬೇರ್ಪಡಿಸಿ ಕೊಟ್ಟದ್ದನ್ನು ಒಂದೇ ಲಾರಿಗೆ ಸುರಿಯದಿದ್ದರೆ ಸಾಕು, ಕೆಲಸ ಶುರುವಾದಂತೆ.