ಅಣುಗಳ ಕಟ್ಟಡಕ್ಕೂ ವೆಚ್ಚದ ಲೆಕ್ಕ

ಡಿಎನ್‌ಎ ಎಳೆಗಳು ತಮ್ಮ ಜೋಡಿಯನ್ನು ತಾವೇ ಗುರುತಿಸಿ ಬೆಸೆದುಕೊಳ್ಳುತ್ತವೆ. ಈ ಗುಣವನ್ನು ಬಳಸಿ ಕ್ಯಾಲ್‌ಟೆಕ್‌ನ ಪಾಲ್ ರಾಥೆಮಂಡ್ ಅವರು 2006ರಲ್ಲಿ ಉದ್ದನೆಯ ಎಳೆಯೊಂದನ್ನು ಇನ್ನೂರಕ್ಕೂ ಹೆಚ್ಚು ಗಿಡ್ಡ ಎಳೆಗಳ ನೆರವಿನಿಂದ ಮಡಿಸಿ, ಸುಮಾರು 100 ನ್ಯಾನೋಮೀಟರ್ ಅಳತೆಯ ಆಕೃತಿಗಳನ್ನು ರೂಪಿಸಿದರು. 2017ರಲ್ಲಿ ಅದೇ ಸಂಸ್ಥೆಯ ಲುಲು ಚಿಯನ್ ಅವರ ತಂಡವು ಇಂತಹ 64 ಫಲಕಗಳನ್ನು ಮೂರು ಹಂತಗಳಲ್ಲಿ ಜೋಡಿಸಿ ಮೋನಾಲಿಸಾ ಚಿತ್ರವನ್ನು ಮೂಡಿಸಿತು.

ಸಾಧನೆ ಶ್ಲಾಘನೀಯ. ಆದರೆ ಉದ್ಯಮಕ್ಕೆ ಗಾತ್ರಕ್ಕಿಂತ ಇಳುವರಿ ಮುಖ್ಯ. ಪ್ರತಿ ಹಂತದಲ್ಲೂ ಶೇ. 90ರಷ್ಟು ಸರಿಯಾಗಿ ಕೂಡಿದವೆಂದು ಭಾವಿಸಿದರೂ, ಮೂರನೆಯ ಹಂತದ ಕೊನೆಗೆ ಉಳಿಯುವುದು ಶೇ. 73 ಮಾತ್ರ. ಅದೇ ವರ್ಷ ಮ್ಯೂನಿಕ್‌ನ ಹೆಂಡ್ರಿಕ್ ಡೀಟ್ಸ್ ಅವರ ತಂಡವು ಈ ಎಳೆಗಳನ್ನು ಬ್ಯಾಕ್ಟೀರಿಯಾಗಳ ಮೂಲಕ ತೊಟ್ಟಿಯಲ್ಲಿ ಬೆಳೆಸಿ, ವೆಚ್ಚ ತಗ್ಗಿಸುವ ದಾರಿಯನ್ನು ತೋರಿತು. ಹೂಡಿಕೆದಾರರ ಗಮನಕ್ಕೆ ಚಿತ್ರಕ್ಕಿಂತ ಈ ತೊಟ್ಟಿಯೇ ಅರ್ಹ. ಬಂಡವಾಳ ತೊಡಗಿಸುವ ಮುನ್ನ ಗ್ರಾಮಿನ ವೆಚ್ಚವನ್ನೂ ಹಂತವಾರು ನಷ್ಟವನ್ನೂ ವಿಚಾರಿಸುವುದು ವಿವೇಕ.