ಕಾಡಂಚಿನ ರೈತನಿಗೆ ಪ್ರೋತ್ಸಾಹಧನ: ಪಹಣಿ ಇದ್ದವರಿಗೆ ಮಾತ್ರವೇ?

ಉತ್ತರ ಕನ್ನಡ ಜಿಲ್ಲೆಯ ಸುಮಾರು ಶೇ. 80ರಷ್ಟು ಭೂಪ್ರದೇಶ ಅರಣ್ಯ. ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳಲ್ಲಿ ಅನೇಕ ಹಳ್ಳಿಗಳ ಗದ್ದೆ ಮುಗಿಯುವಲ್ಲೇ ಕಾಡು ಆರಂಭವಾಗುತ್ತದೆ. ಇಂತಹ ರೈತ ತನ್ನ ನೆಲದಲ್ಲಿ ಮರ ಬೆಳೆಸಿದರೆ ಸರ್ಕಾರ ಹಣ ನೀಡುತ್ತದೆ. ಆದರೆ ಅದು ಯಾರ ಕೈ ಸೇರಬೇಕೆಂಬುದನ್ನು ತೀರ್ಮಾನಿಸುವುದು ಪಹಣಿ ಪತ್ರ.

ಸಸಿಗೆ 125 ರೂಪಾಯಿ

ಅರಣ್ಯ ಇಲಾಖೆಯು 2011-12ರಲ್ಲಿ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯನ್ನು ಆರಂಭಿಸಿತು. ರೈತರಿಗೆ ಇಲಾಖೆಯ ಸಸ್ಯಕ್ಷೇತ್ರದಿಂದ ರಿಯಾಯಿತಿ ದರದಲ್ಲಿ ಸಸಿ ದೊರೆಯುತ್ತದೆ. ಬದುಕುಳಿದ ಪ್ರತಿ ಸಸಿಗೆ ಮೊದಲ ವರ್ಷದ ಕೊನೆಗೆ 35, ಎರಡನೆಯ ವರ್ಷ 40, ಮೂರನೆಯ ವರ್ಷ 50, ಹೀಗೆ ಒಟ್ಟು 125 ರೂಪಾಯಿ ಸಲ್ಲುತ್ತದೆ. ಹೆಕ್ಟೇರಿಗೆ ಗರಿಷ್ಠ 400 ಸಸಿ. ಎಲ್ಲವೂ ಉಳಿದರೆ ಮೂರು ವರ್ಷಗಳಲ್ಲಿ 50 ಸಾವಿರ ರೂಪಾಯಿ. ನೀಲಗಿರಿ, ಅಕೇಶಿಯಾ, ಗಾಳಿ, ಸಿಲ್ವರ್ ಓಕ್ ಮೊದಲಾದ ಜಾತಿಗಳಿಗೆ ಈ ಹಣವಿಲ್ಲ.

ನೆಟ್ಟ ಲೆಕ್ಕಕ್ಕಲ್ಲದೆ ಉಳಿದ ಲೆಕ್ಕಕ್ಕೆ ಹಣ ಕೊಡುವುದು ಈ ಯೋಜನೆಯ ದೊಡ್ಡ ಗುಣ. ವನಮಹೋತ್ಸವದ ಸಸಿಗಳು ಬೇಸಿಗೆಯಲ್ಲಿ ಒಣಗಿಹೋಗುವ ಪರಿಪಾಠಕ್ಕೆ ಇದು ಉತ್ತರವೂ ಹೌದು. ಆದರೆ ಅರ್ಜಿಯೊಂದಿಗೆ ಪಹಣಿ ಸಲ್ಲಿಸಬೇಕೆಂಬ ಷರತ್ತಿನಲ್ಲಿಯೇ ತೊಡಕಿದೆ.

ದಾಖಲೆ ಇಲ್ಲದ ಬೇಸಾಯ

ಈ ತಾಲ್ಲೂಕುಗಳ ಸಿದ್ದಿ, ಕುಣಬಿ ಮತ್ತು ಗೌಳಿ ಕುಟುಂಬಗಳಲ್ಲಿ ಅನೇಕರು ಸಾಗುವಳಿ ಮಾಡುವ ನೆಲ ದಾಖಲೆಯಲ್ಲಿ ಅರಣ್ಯ. 2006ರ ಅರಣ್ಯ ಹಕ್ಕು ಕಾಯ್ದೆ ಇವರಿಗೆ ದಾರಿ ತೋರಿತಾದರೂ ಆ ದಾರಿ ಎಲ್ಲರಿಗೂ ಸಮನಾಗಿಲ್ಲ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುನ್ನ ಸಾಗುವಳಿಯಲ್ಲಿದ್ದುದನ್ನು ತೋರಿಸಿದರೆ ಸಾಕು. ಇತರರು ಅದಕ್ಕೂ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸಕ್ಕೆ ಪುರಾವೆ ಒದಗಿಸಬೇಕು.

ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಅದೇ ವರ್ಷ ನೆರೆಯ ಗೋವೆಯಲ್ಲಿ ಕುಣಬಿಗಳಿಗೂ ಆ ಸ್ಥಾನ ದೊರೆಯಿತು. ಗಡಿಯ ಈಚೆ, ಜೋಯಿಡಾದ ಕುಣಬಿಗಳಿಗೆ ಆಗ ಅದು ದೊರೆಯಲಿಲ್ಲ. ಓದುಬರಹವಿಲ್ಲದ ಅಜ್ಜನ ಕಾಲದ ಕಾಗದವನ್ನು ಮೊಮ್ಮಗ ಎಲ್ಲಿಂದ ತರಬೇಕು?

ಹೊರಟವರಿಗೆ ಹಣ, ಉಳಿದವರಿಗೆ?

ಈ ಭಾಗದ ಸಂರಕ್ಷಣೆಯ ಇತಿಹಾಸ ದೀರ್ಘವಾದುದು. 1956ರಲ್ಲಿ ದಾಂಡೇಲಿ ವನ್ಯಧಾಮ, 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ ರೂಪುಗೊಂಡವು. 2007ರಲ್ಲಿ ಇವೆರಡೂ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿಯ ಹೆಸರು ಪಡೆದವು. ಹುಲಿ ನೆಲೆಯಿಂದ ಸ್ವಇಚ್ಛೆಯಿಂದ ಹೊರಹೋಗುವ ಕುಟುಂಬಕ್ಕೆ ನೀಡುತ್ತಿದ್ದ 10 ಲಕ್ಷ ರೂಪಾಯಿ ಪರಿಹಾರವನ್ನು ಕೇಂದ್ರವು 2021ರಲ್ಲಿ 15 ಲಕ್ಷಕ್ಕೆ ಏರಿಸಿತು.

ಕಾಡಿನ ಜೊತೆಗೇ ಬದುಕಲು ನಿಶ್ಚಯಿಸಿದವನ ಪಾಲಿಗೆ ಇರುವುದು ಬೆಳೆಹಾನಿ ಪರಿಹಾರ. ಭತ್ತ ಕಟಾವಿಗೆ ಬರುವ ಹೊತ್ತಿಗೆ ಆನೆಗಳು ಹಳಿಯಾಳ, ಮುಂಡಗೋಡದ ಗದ್ದೆಗಳಿಗೆ ಇಳಿಯುತ್ತವೆ. ನಷ್ಟವಾದ ಮೇಲೆ ಪರಿಶೀಲನೆ, ನಂತರ ಪರಿಹಾರ. ಆನೆ ಬರದಂತೆ ರಾತ್ರಿಯಿಡೀ ಗದ್ದೆ ಕಾದವನ ಶ್ರಮಕ್ಕೆ ಯಾವ ಪಟ್ಟಿಯಲ್ಲಿಯೂ ಕಲಮಿಲ್ಲ.

ಮಧ್ಯ ಅಮೆರಿಕದ ಕೋಸ್ಟರಿಕಾ 1997ರಿಂದ ಹೊಸ ನೆಡುತೋಪಿಗಷ್ಟೇ ಅಲ್ಲದೆ, ಇರುವ ಕಾಡನ್ನು ಉಳಿಸಿಕೊಂಡವರಿಗೂ ಹಣ ನೀಡುತ್ತಿದೆ. ಇಂಧನ ತೆರಿಗೆಯ ಒಂದು ಪಾಲು ಅದಕ್ಕೆ ಮೀಸಲು. ಇಲ್ಲಿಯೂ ಅಂತಹ ಚಿಂತನೆ ಅಸಾಧ್ಯವೇನಲ್ಲ. ಕನಿಷ್ಠಪಕ್ಷ ಅರಣ್ಯ ಹಕ್ಕುಪತ್ರವನ್ನು ಪಹಣಿಗೆ ಸಮನಾಗಿ ಪರಿಗಣಿಸಿದರೂ ಕಾಡಿಗೆ ಅತಿ ಸಮೀಪದಲ್ಲಿರುವ ಬಡ ಬೇಸಾಯಗಾರ ಯೋಜನೆಯೊಳಗೆ ಬರಬಲ್ಲ. ಬಾಕಿ ಅರ್ಜಿಗಳ ಇತ್ಯರ್ಥವೂ ಜೊತೆಯಲ್ಲೇ ನಡೆಯಬೇಕು. ಅಲ್ಲಿಯವರೆಗೆ ಸಂರಕ್ಷಣೆಯ ಹೊರೆ ಒಬ್ಬನ ಹೆಗಲ ಮೇಲೆ, ಪ್ರೋತ್ಸಾಹಧನ ಇನ್ನೊಬ್ಬನ ಖಾತೆಯಲ್ಲಿ ಎಂಬ ಸ್ಥಿತಿ ಮುಂದುವರಿಯುತ್ತದೆ.