ಹರ್ಕ್ಯುಲಿಸ್‌ನ ಕೈಗಂಟಿದ್ದ ರಕ್ತ ಎಲ್ಲಿ ಹೋಯ್ತು?

ಡಿಸ್ನಿಯ ‘ಹರ್ಕ್ಯುಲಿಸ್’ ಕಾರ್ಟೂನ್ ಸಿನಿಮಾ ಬಂದಿದ್ದು 1997ರಲ್ಲಿ. ನಟರನ್ನು ಹಾಕಿಕೊಂಡು ಅದನ್ನೇ ಮತ್ತೆ ತೆಗೀತಾರೆ ಅನ್ನೋ ಸುದ್ದಿ 2020ರಿಂದ ಓಡಾಡ್ತಿದೆ. ಆ ನೆಪದಲ್ಲಿ ಹಳೆಯದನ್ನು ಇನ್ನೊಮ್ಮೆ ನೋಡಿದೆ. ಹಾಡುಗಳು ಈಗಲೂ ಮಸ್ತ್. ಆದರೆ ಈ ಸಲ ಕಣ್ಣಿಗೆ ಬಿದ್ದಿದ್ದು ಕಥೆಯ ಅಚ್ಚು.

ಅಚ್ಚಿನ ಮೂಲ ಜೋಸೆಫ್ ಕ್ಯಾಂಬೆಲ್ 1949ರಲ್ಲಿ ಬರೆದ ‘ದಿ ಹೀರೋ ವಿತ್ ಎ ಥೌಸಂಡ್ ಫೇಸಸ್’. ಲೋಕದ ಪುರಾಣಗಳಿಗೆಲ್ಲ ಒಂದೇ ಎಲುಬುಗೂಡು ಅಂತ ಅವರ ವಾದ: ನಾಯಕ ಮನೆ ಬಿಡ್ತಾನೆ, ಪರೀಕ್ಷೆಗಳನ್ನು ದಾಟ್ತಾನೆ, ಸಾವಿನ ಬಾಗಿಲಿಗೆ ಹೋಗಿ ಏನನ್ನೋ ಗಳಿಸಿ ವಾಪಸ್ ಬರ್ತಾನೆ. 1980ರ ದಶಕದಲ್ಲಿ ಡಿಸ್ನಿಯಲ್ಲಿದ್ದ ಕ್ರಿಸ್ಟೋಫರ್ ವೋಗ್ಲರ್ ಇದನ್ನು ಏಳು ಪುಟದ ಮೆಮೋಗೆ ಇಳಿಸಿದರು. ಹಾಲಿವುಡ್‌ನಲ್ಲಿ ಅದು ಕೈಯಿಂದ ಕೈಗೆ ಹರಿದಾಡಿತು. ಎಂಜಿನಿಯರಿಂಗ್ ಓದಿದವರಿಗೆ ಇದು ಗೊತ್ತಿರೋ ವಿಷಯವೇ. ದಪ್ಪ ಪುಸ್ತಕ ಲೈಬ್ರರಿಯಲ್ಲೇ ಇರುತ್ತೆ, ಪರೀಕ್ಷೆಯ ಹಿಂದಿನ ರಾತ್ರಿ ಓಡೋದು ಜೆರಾಕ್ಸ್ ನೋಟ್ಸ್.

ಸಿನಿಮಾ ಆ ನೋಟ್ಸ್ ಪ್ರಕಾರ ಪಕ್ಕಾ. ದೇವತೆಗಳ ಮಗು ಭೂಮಿ ಮೇಲೆ ಬೆಳೆಯುತ್ತೆ. ಜ್ಯೂಸ್‌ನ ಗುಡಿಯಲ್ಲಿ ಹುಡುಗನಿಗೆ ತಾನು ಯಾರು ಅಂತ ಗೊತ್ತಾಗುತ್ತೆ. ಫಿಲ್ ಎಂಬ ಗುರು ಸಿಗ್ತಾನೆ, ಹೈಡ್ರಾ ಸಾಯುತ್ತೆ, ಹೆಸರು ಬರುತ್ತೆ, ಚಪ್ಪಲಿಯಿಂದ ಹಿಡಿದು ಗೊಂಬೆವರೆಗೆ ಎಲ್ಲದರ ಮೇಲೂ ಹರ್ಕ್ಯುಲಿಸ್. ಆಗ ಅಪ್ಪ ಜ್ಯೂಸ್ ಹೇಳ್ತಾನೆ: ಹೆಸರು ಮಾಡೋದೇ ಬೇರೆ, ನಾಯಕನಾಗೋದೇ ಬೇರೆ. ನಿಜಕ್ಕೂ ಒಳ್ಳೇ ದೃಶ್ಯ. (ಅದೇ ಗೊಂಬೆಗಳನ್ನು ಡಿಸ್ನಿ ಹೊರಗೆ ಮಾರ್ತಿತ್ತು ಅನ್ನೋದು ಬೇರೆ ಮಾತು.) ಕೊನೆಗೆ ಪ್ರೀತಿಸಿದ ಮೆಗ್‌ಗಾಗಿ ಅವನು ಸತ್ತವರ ನದಿಗೇ ಹಾರ್ತಾನೆ. ಎಲ್ಲ ಹಂತಕ್ಕೂ ಟಿಕ್ ಬಿತ್ತು.

ಈ ಮೆಗ್, ಅಂದರೆ ಮೆಗಾರಾ, ಗ್ರೀಕ್ ಪುರಾಣದಲ್ಲಿ ಅವನ ಹೆಂಡತಿ. ಹೆರಾ ಬರಿಸಿದ ಹುಚ್ಚಿನಲ್ಲಿ ಅವನು ತನ್ನ ಮಕ್ಕಳನ್ನೇ ಕೊಲ್ತಾನೆ. ಯೂರಿಪಿಡಿಸ್‌ನ ನಾಟಕದಲ್ಲಿ ಮೆಗಾರಾಳನ್ನೂ. ಹೆಚ್ಚು ಪರಿಚಿತವಾದ ಪಾಠದಲ್ಲಿ ಅವನ ಹನ್ನೆರಡು ಸಾಹಸಗಳು ಈ ಪಾಪಕ್ಕೆ ಸಿಕ್ಕ ಶಿಕ್ಷೆ. ಸಿಂಹ ಕೊಂದಿದ್ದು, ಕೊಟ್ಟಿಗೆ ತೊಳೆದಿದ್ದು, ಎಲ್ಲವೂ ಜೀತ. ಸಿನಿಮಾದಲ್ಲಿ ಅವುಗಳಲ್ಲಿ ಕೆಲವು ಒಂದು ಕುಣಿಯೋ ಹಾಡಿನಲ್ಲಿ ಮುಗಿದುಹೋಗ್ತವೆ.

ಹೆರಾ ಸಿನಿಮಾದಲ್ಲಿ ಪ್ರೀತಿಯ ಅಮ್ಮ. ದ್ವೇಷ ಪೂರ್ತಿ ಹೇಡಿಸ್ ಪಾಲಿಗೆ. ಪುರಾಣದ ಹೇಡಿಸ್ ಸತ್ತವರ ಲೋಕದ ರಾಜ ಅಷ್ಟೇ, ಆಯುಧ ಬಳಸದೆ ಹಿಡಿಯೋದಾದರೆ ನನ್ನ ನಾಯಿಯನ್ನು ಒಯ್ಯಿ ಅಂತ ಒಪ್ಪಿದವನು.

ಮಕ್ಕಳ ಸಿನಿಮಾದಲ್ಲಿ ಮಕ್ಕಳ ಕೊಲೆ ತೋರಿಸೋಕಾಗುತ್ತಾ ಅಂತ ಕೇಳಬಹುದು. ಆಗಲ್ಲ, ಒಪ್ಪಿದೆ. ನನ್ನ ತಕರಾರು ಅಚ್ಚಿನ ಜೊತೆ. ನೋಟ್ಸ್‌ನಲ್ಲಿ ನಾಯಕನಿಗೆ ಬರೋ ಕಷ್ಟಕ್ಕೆ ಜಾಗ ಇದೆ, ಅವನಿಂದ ಬೇರೆಯವರಿಗೆ ಆಗೋ ಕಷ್ಟಕ್ಕೆ ಒಂದು ಖಾನೆಯೂ ಇಲ್ಲ. ಚುನಾವಣೆ ಹೊತ್ತಿಗೆ ವಾಟ್ಸಾಪ್‌ಗೆ ಬೀಳೋ ನಾಯಕರ ವಿಡಿಯೋ ನೆನಪಿಸಿಕೊಳ್ಳಿ, ಯಾವ ಪಕ್ಷದ್ದಾದರೂ ಸರಿ. ಬಡ ಮನೆ, ಅವಮಾನ, ಒಬ್ಬ ಗುರು, ಒಂದು ಸೋಲು, ಆಮೇಲೆ ಜನಸಾಗರ. ಅವರ ಆದೇಶದಿಂದ ಮನೆ ಕಳಕೊಂಡವರು ಅದರಲ್ಲಿ ಬರಲ್ಲ. ಬಚ್ಚಿಟ್ಟರು ಅಂತಲೂ ಅನಿಸಲ್ಲ, ಯಾಕಂದ್ರೆ ಕಥೆ ಪೂರ್ತಿಯಾಗೇ ಕಾಣುತ್ತೆ.

ಯೂರಿಪಿಡಿಸ್ ನಾಟಕದ ಕೊನೆಯಲ್ಲಿ ಹೆರಾಕ್ಲೀಸ್ ಮುಖ ಮುಚ್ಚಿಕೊಂಡು ಹೆಣಗಳ ಮಧ್ಯೆ ಕೂತಿರ್ತಾನೆ. ಸಾಯಬೇಕು ಅಂದುಕೊಂಡಿರ್ತಾನೆ. ಗೆಳೆಯ ಥೀಸಿಯಸ್ ಬಂದು ಮುಖದ ಬಟ್ಟೆ ತೆಗೆಸ್ತಾನೆ, ಮುಟ್ಟಿದರೆ ಮೈಲಿಗೆ ಅಂದರೂ ಕೈ ಹಿಡೀತಾನೆ, ಅಥೆನ್ಸ್‌ಗೆ ಕರೆದುಕೊಂಡು ಹೋಗ್ತಾನೆ. ಅವನು ಮಾಡಿದ್ದನ್ನು ಮಾತ್ರ ಆ ರಂಗದ ಮೇಲೆ ಯಾರೂ ಅಲ್ಲಗಳೆಯಲ್ಲ. ಹೊಸ ಸಿನಿಮಾ ಬಂದರೆ ನಾನು ನೋಡೋದು ಆ ಬಟ್ಟೆ ಇದೆಯಾ ಅಂತ.